ಪರಿಷೆಯ ಕಾಯಿ

ಕಾರ್ತಿಕಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನೆರೆಯುವ ಕಡಲೆಕಾಯಿ ಪರಿಷೆಯಿಂದ ಬರಿಗೈಯಲ್ಲಿ ಮನೆಗೆ ಹಿಂದಿರುಗುವವರು ವಿರಳ. ತಮಗೊಂದು ಸೇರು, ನೆರೆಮನೆಗೊಂದು ಸೇರು, ಮಂಡಿನೋವಿನಿಂದ ಹೊರಡಲಾರದ ಸೋದರತ್ತೆಗೊಂದು ಸೇರು, ಹೀಗೆ ಚೀಲ ತುಂಬುತ್ತದೆ. ಇದನ್ನು ಉಡುಗೊರೆಯೆಂದು ಯಾರೂ ಕರೆಯುವುದಿಲ್ಲ. ‘ಪರಿಷೆಯ ಕಾಯಿ’ ಎಂದಷ್ಟೇ ಹೇಳಿ ಕೈಯಲ್ಲಿಡುತ್ತಾರೆ.

ಪರಿಷೆಯ ಕಥೆ ಊರಿಗೆಲ್ಲ ಗೊತ್ತು. ಸುಂಕೇನಹಳ್ಳಿ, ಗವಿಪುರ, ಮಾವಳ್ಳಿಗಳ ರೈತರ ಬೆಳೆಯನ್ನು ರಾತ್ರಿ ಬಸವನೊಂದು ಮೇಯುತ್ತಿತ್ತಂತೆ. ಅಟ್ಟಿಸಿಕೊಂಡು ಹೋದರೆ ಗುಡ್ಡದ ಮೇಲೆ ಕಲ್ಲಾಗಿ ಕುಳಿತಿತ್ತಂತೆ. ಅಂದಿನಿಂದ ಮೊದಲ ಫಸಲು ಅದಕ್ಕೆ ಮೀಸಲು. ಕಡಲೆಕಾಯಿ ದಕ್ಷಿಣ ಅಮೆರಿಕದ ಮೂಲದ್ದು, ಹಡಗೇರಿ ಬಂದದ್ದು. ಆದುದರಿಂದ ಈ ಕಥೆಯನ್ನು ಇತಿಹಾಸದ ತಕ್ಕಡಿಗೆ ಹಾಕುವುದು ಬೇಡ. ಬೆಳೆ ಕದ್ದು ಮೇದವನನ್ನೇ ಮರುವರ್ಷ ಕರೆದು ಬಡಿಸಿದ ರೈತರ ದೊಡ್ಡ ಮನಸ್ಸು ನನಗೆ ಸಾಕು. ೧೮೯೮ರ ಪ್ಲೇಗಿನ ತರುವಾಯ ಬಡಾವಣೆ ಎದ್ದು ಇಲ್ಲಿನ ಹೊಲಗಳು ಮನೆಗಳಾದವು. ಈಗ ಕಾಯಿ ಬರುವುದು ಮಾಗಡಿ, ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಯಿಂದ. ಗಡಿಯಾಚೆಯ ಧರ್ಮಪುರಿ, ಕೃಷ್ಣಗಿರಿಗಳಿಂದಲೂ.

ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮೇಷ್ಟರು ಗಾಂಧಿಬಜಾರಿನ ಹಿಂದಣ ಬೀದಿಯೊಂದರಲ್ಲಿದ್ದರು. ಪರಿಷೆಯ ದಿನ ಅವರನ್ನು ಕಂಡು ಒಂದು ಹೊಸ ಪುಸ್ತಕ ಕೊಟ್ಟು ಬರುವುದು ನನ್ನ ಪದ್ಧತಿ. ಅವರ ಕಣ್ಣು ವರ್ಷ ವರ್ಷಕ್ಕೆ ಮಂಜಾಗುತ್ತ ಬಂದು, ಕಡೆಗೆ ಬೆಳಕು ನೆರಳುಗಳ ಭೇದವಷ್ಟೇ ಉಳಿಯಿತು. ನನ್ನ ಪದ್ಧತಿ ಮಾತ್ರ ಬದಲಾಗಲಿಲ್ಲ. ಅವರು ರಟ್ಟನ್ನು ಸವರಿ, ಹಾಳೆಯನ್ನು ಮೂಸಿ, ‘ಅಚ್ಚು ಚೆನ್ನಾಗಿರಬೇಕು’ ಎಂದು ಪಕ್ಕದ ಸ್ಟೂಲಿನ ಮೇಲೆ ಇಡುತ್ತಿದ್ದರು. ಅಲ್ಲಿ ಹಿಂದಿನ ವರ್ಷದ್ದು ಇಟ್ಟಂತೆಯೇ ಇರುತ್ತಿತ್ತು. ನಾನು ಅದನ್ನು ಕಂಡೂ ಕಾಣದವನಾಗಿದ್ದೆ.

ಅಂಥದೊಂದು ಸೋಮವಾರ, ನಾನು ಚೀಲಕ್ಕೆ ಕೈ ಹಾಕುವ ಹೊತ್ತಿಗೆ ಅವರ ಮೊಮ್ಮಗಳು ಪರಿಷೆಯಿಂದ ಬಂದಳು. ಹತ್ತು ವರ್ಷದ ಹುಡುಗಿ. ತಂದ ಕಾಯನ್ನು ಮೊರಕ್ಕೆ ಸುರಿದು ತಾತನ ತೊಡೆಯ ಮೇಲಿಟ್ಟಳು. ನೋಡಿದರೆ ಎಲ್ಲವೂ ಸೊಟ್ಟ! ಒಂಟಿ ಬೀಜದ ಗುಂಡುಕಾಯಿ, ನಡು ಬಳುಕಿದ್ದು, ಗೂನು ಬೆನ್ನಿನದು, ಮಣ್ಣು ಮೆತ್ತಿದ್ದು. ಮಾರುವ ಅಜ್ಜಿ, ‘ಒಳ್ಳೇ ಕಾಯಿ ಬಿಟ್ಟು ಇವನ್ಯಾಕೆ ಆರಿಸ್ತೀಯೆ ಮಗಾ?’ ಎಂದು ನಕ್ಕು, ಅಳತೆಯ ಮೇಲೆ ಒಂದು ಹಿಡಿ ಕೊಸರು ಹಾಕಿದಳಂತೆ.

ಕಡಲೆಗಿಡದ ರೀತಿಯೇ ವಿಚಿತ್ರ. ಹಳದಿಯ ಹೂವು ಬಿಸಿಲಿನಲ್ಲಿ ಅರಳುತ್ತದೆ. ಗರ್ಭ ಕಟ್ಟಿದೊಡನೆ ಅದರ ಬುಡದಿಂದ ಒಂದು ಎಳೆಯ ತೊಟ್ಟು ಇಳಿದು ನೆಲವನ್ನು ಹೊಕ್ಕು, ಕತ್ತಲೆಯಲ್ಲಿ ಕಾಯಾಗುತ್ತದೆ. ಮಣ್ಣಿನಲ್ಲಿ ಸುಣ್ಣದ ಅಂಶ ಸಾಲದಿದ್ದರೆ ಕಾಯಿ ಜೊಳ್ಳು. ಒಳಗಿನ ಬೀಜವೊಂದು ಬೆಳೆಯದೆ ಹೋದರೆ ಸೊಂಟ ಸೊಟ್ಟ. ಸೇರಿಗೆ ಬೆಲೆ ಕಟ್ಟುವಾಗ ಇವೆಲ್ಲ ಕುಂದು, ಸಂದೇಹವಿಲ್ಲ.

ಮೇಷ್ಟರು ಒಂದೊಂದನ್ನೇ ಎತ್ತಿ ಬೆರಳಿನಲ್ಲಿ ಹೊರಳಿಸತೊಡಗಿದರು. ಗುಂಡುಕಾಯಿಯನ್ನು ಮುಟ್ಟಿ ‘ಸೊನ್ನೆ’ ಎಂದರು. ಮೂರು ಬೀಜದ್ದೊಂದು ಸಿಕ್ಕಿತು. ಬೆರಳು ಅದರ ಉಬ್ಬುಗಳ ಮೇಲೆ ಹೋಯಿತು, ಬಂದಿತು. ಮೊದಲನೆಯದು ದಪ್ಪ, ಉಳಿದೆರಡು ಸಣ್ಣವು.

‘ಗುರು, ಲಘು, ಲಘು. ಭಗಣ ಕಣೇ ಇದು!’

ಮತ್ತೊಂದರಲ್ಲಿ ನಡುವಿನ ಬೀಜ ಉಬ್ಬಿತ್ತು, ಅದು ಜಗಣವಾಯಿತು. ಹುಡುಗಿ ಮೂರು ಬೀಜದವನ್ನೇ ಹುಡುಕಿ ಹುಡುಕಿ ಕೊಡುತ್ತಿದ್ದಳು, ಅವರು ಓದುತ್ತಿದ್ದರು. ಓದುತ್ತಿದ್ದರು ಎಂಬ ಮಾತನ್ನು ತಿಳಿದೇ ಬರೆಯುತ್ತಿದ್ದೇನೆ. ಒಂದೇ ಅಚ್ಚಿನ ಒಳ್ಳೆಯ ಕಾಯಿಗಳಾಗಿದ್ದರೆ ಅಲ್ಲಿ ಅವರ ಬೆರಳಿಗೆ ಓದಲು ಏನಿರುತ್ತಿತ್ತು? ನನ್ನ ಪುಸ್ತಕ ಚೀಲದಲ್ಲಿಯೇ ಉಳಿಯಿತು.

‘ನೀನು ಹೇಳಪ್ಪ,’ ಎಂದು ಮೇಷ್ಟರು ಒಂದನ್ನು ನನ್ನತ್ತ ಚಾಚಿದರು. ‘ಕಣ್ಣು ಮುಚ್ಚಿಕೊಂಡು ಹೇಳಬೇಕು.’

ಮುಚ್ಚಿದೆ. ಸಣ್ಣದು, ಸಣ್ಣದು, ಕೊನೆಯದು ದೊಡ್ಡದು. ‘ಸಗಣ’ ಎಂದೆ, ಹಳೆಯ ತರಗತಿಯ ಅಳುಕಿನಿಂದಲೇ.

ಮೇಷ್ಟರು ಅದನ್ನು ಹಿಂದಕ್ಕೆ ತೆಗೆದುಕೊಂಡು ಹೆಬ್ಬೆರಳಿನಿಂದ ಒತ್ತಿದರು. ಕೊನೆಯ ಉಬ್ಬು ಪಿಚಕ್ಕನೆ ಒಳಕ್ಕೆ ಕುಸಿಯಿತು.

‘ಜೊಳ್ಳನ್ನು ಗುರು ಎಂದೆಯಲ್ಲಪ್ಪ!’ ಎಂದು ಅವರು ನಕ್ಕರು. ಹುಡುಗಿ ಅವರಿಗಿಂತ ಗಟ್ಟಿಯಾಗಿ ನಕ್ಕಳು.