ಕಳೆಗಿಡದಿಂದ ಎದ್ದ ಆನೆ ಹಿಂಡು

ಅಂಬಿಕಾನಗರ, ದಾಂಡೇಲಿ, ಹಳಿಯಾಳದ ಕಡೆ ನೆಲೆಸಿರುವ ನಮ್ಮವರಿಗೆ ಆನೆ ಹೊಸತಲ್ಲ. ಭತ್ತ, ಕಬ್ಬು ಕೈಗೆ ಬರುವ ಹೊತ್ತಿಗೇ ಹಿಂಡು ಗದ್ದೆಗೆ ಇಳಿಯುತ್ತದೆ. ಆನೆಯೂ ಬದುಕಬೇಕು, ರೈತನೂ ಉಳಿಯಬೇಕು. ಅದಕ್ಕೆ ದುಡ್ಡು ಎಲ್ಲಿಂದ?

ಬೀದಿಯಲ್ಲಿ ಪ್ರಾಣಿಗಳ ಗೊಂಬೆ ನಿಲ್ಲಿಸಿ, ಆಮೇಲೆ ಮಾರಿ, ಬಂದ ಹಣವನ್ನು ಒಳ್ಳೆ ಕೆಲಸಕ್ಕೆ ಕೊಡುವ ರೂಢಿ ಹೊರದೇಶಗಳಲ್ಲಿದೆ. 1998ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಚ್ ನಗರದಲ್ಲಿ ಬಣ್ಣದ ಹಸುಗಳು ನಿಂತದ್ದು ಹೆಸರಾಯಿತು.

ಬಂಡೀಪುರದಾಚೆಯ ಗೂಡಲೂರಿನ ಆದಿವಾಸಿಗಳದ್ದು ಇನ್ನೂ ಒಂದು ಹೆಜ್ಜೆ ಮುಂದೆ. ಬ್ರಿಟಿಷರು ಅಂದಕ್ಕೆಂದು ತಂದ ಲಂಟಾನ ಇವತ್ತು ಕಾಡನ್ನೇ ನುಂಗಿದೆ, ಅದರಡಿ ಹುಲ್ಲೂ ಏಳುವುದಿಲ್ಲ. ಬೆಟ್ಟಕುರುಂಬ, ಪಣಿಯ, ಕಾಟುನಾಯಕ, ಸೋಲಿಗ ಕುಶಲಕರ್ಮಿಗಳು ಅದರ ಕೋಲು ಕಡಿದು, ಬೇಯಿಸಿ, ಸಿಪ್ಪೆ ಸುಲಿದು, ಕಬ್ಬಿಣದ ಚೌಕಟ್ಟಿಗೆ ಬಾಗಿಸಿ ನಿಜಗಾತ್ರದ ಆನೆ ಕಟ್ಟುತ್ತಾರೆ. ಒಂದೊಂದೂ ಕಾಡಿನ ಒಂದು ನಿಜವಾದ ಆನೆಯ ಪಡಿಯಚ್ಚು. 2021ರಲ್ಲಿ ಲಂಡನ್ನಿನ ಪಾರ್ಕುಗಳಲ್ಲಿ, 2024ರಲ್ಲಿ ನೂರು ಆನೆಗಳ ಹಿಂಡಾಗಿ ಅಮೆರಿಕದಲ್ಲಿ ಇವು ನಿಂತವು. ಮಾರಿದ ಹಣ ಮನುಷ್ಯ-ವನ್ಯಜೀವಿ ಸಹಬಾಳ್ವೆಯ ಕೆಲಸಕ್ಕೆ. ಕಟ್ಟಿದವರಿಗೂ ಕೂಲಿ ಸಿಕ್ಕಿತು, ಕಾಡಿನ ಕಳೆಯೂ ಅಷ್ಟು ಕಡಿಮೆಯಾಯಿತು.

ನಮ್ಮ ಕಡೆಯೂ ಕೈಕೆಲಸ ಬಲ್ಲವರಿಗೆ ಬರವಿಲ್ಲ. ದಾಂಡೇಲಿಗೆ ಬರುವ ಪ್ರವಾಸಿಗರೂ ಕಡಿಮೆಯಲ್ಲ. ಹೋಟೆಲು, ಅಂಗಡಿ ಇಟ್ಟವರು ಬಾಗಿಲಲ್ಲಿ ಇಂಥದ್ದೊಂದು ಆನೆ ನಿಲ್ಲಿಸಿ, ಬಂದ ಹಣವನ್ನು ಬೆಳೆ ಕಳಕೊಂಡ ಮನೆಗೆ ಮುಟ್ಟಿಸಿದರೆ ಹೇಗೆ? ಯೋಚಿಸಿ ನೋಡಿ.