ಬೈಕಿಗೂ ಒಂದು ರೈಲು ಟಿಕೆಟ್

ಬೆಂಗಳೂರಿನಿಂದ ದಿಲ್ಲಿಗೆ ರಸ್ತೆಯಲ್ಲಿ ಸುಮಾರು 2,150 ಕಿ.ಮೀ. ಲೀಟರಿಗೆ 35 ಕಿ.ಮೀ. ಓಡುವ ಬೈಕಿಗೆ 61 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ 6,000 ದಾಟಿತು. ದಾರಿಯ ಊಟ, ಮೂರ್ನಾಲ್ಕು ರಾತ್ರಿಯ ವಸತಿ, ಸವೆಯುವ ಟೈರು, ನೋಯುವ ಸೊಂಟ ಬೇರೆ. ಉತ್ತರದಲ್ಲಿ ಕೆಲಸ ಸಿಕ್ಕವರು, ಲಡಾಖ್ ಕನಸು ಕಂಡವರು ಬೈಕನ್ನು ರೈಲಿಗೆ ಹಾಕುವುದು ಸುಮ್ಮನೆ ಅಲ್ಲ.

ರೈಲಿನಲ್ಲಿ ಕಳಿಸಲು ಎರಡು ದಾರಿ. ತಾವೂ ಅದೇ ರೈಲಿನಲ್ಲಿ ಹೋಗುವವರು ಟಿಕೆಟ್ ತೋರಿಸಿ ಲಗೇಜ್ ಆಗಿ ಬುಕ್ ಮಾಡಬಹುದು. ದರ ಹೆಚ್ಚು, ಆದರೆ ಬೈಕೂ ಸಾಮಾನ್ಯವಾಗಿ ಜೊತೆಗೇ ಬರುತ್ತದೆ. ಪ್ರಯಾಣ ಮಾಡದವರಿಗೆ ಪಾರ್ಸೆಲ್. ಅದು ಅಗ್ಗ, ಆದರೆ ಡಬ್ಬಿಯಲ್ಲಿ ಜಾಗ ಸಿಕ್ಕಾಗಲೇ ಹೊರಡುತ್ತದೆ. ಪಾರ್ಸೆಲ್ ದರವೂ ಎಲ್ಲ ರೈಲಿಗೆ ಒಂದೇ ಅಲ್ಲ: ರಾಜಧಾನಿಗೆ ಒಂದು, ಸಾಧಾರಣ ರೈಲಿಗೆ ಇನ್ನೊಂದು. ತಡವಾದರೂ ಚಿಂತೆಯಿಲ್ಲ ಎನ್ನುವವರಿಗೆ ಉಳಿತಾಯ ಇರುವುದೇ ಇಲ್ಲಿ. ಹಿಮಾಚಲದ ಕಡೆ ಹೊರಟವರಿಗಂತೂ ಯಶವಂತಪುರದಿಂದ ಚಂಡೀಗಢಕ್ಕೆ ನೇರವಾಗಿ ಓಡುವ ಕರ್ನಾಟಕ ಸಂಪರ್ಕ ಕ್ರಾಂತಿ ಇದೆ. ನಡುವೆ ಬೈಕ್ ಇಳಿಸಿ ಇನ್ನೊಂದು ರೈಲಿಗೆ ಹತ್ತಿಸುವ ಗೋಜಿಲ್ಲ.

ಆರ್‌ಸಿ ಪ್ರತಿ ಮತ್ತು ಗುರುತಿನ ಚೀಟಿ ಹಿಡಿದು ಹಿಂದಿನ ದಿನವೇ ಪಾರ್ಸೆಲ್ ಕಚೇರಿಗೆ ಹೋಗುವುದು ಒಳ್ಳೆಯದು. ಟ್ಯಾಂಕಿನ ಪೆಟ್ರೋಲ್ ಪೂರ್ತಿ ಖಾಲಿಯಾಗಿರಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಅಪಾಯಕಾರಿ ವಸ್ತುವನ್ನು ಕದ್ದು ಸಾಗಿಸುವುದು 1989ರ ರೈಲ್ವೆ ಕಾಯ್ದೆಯಡಿ ಶಿಕ್ಷಾರ್ಹ. ಕಚೇರಿಯ ಹೊರಗೆ ಹುಲ್ಲು, ಗೋಣಿತಾಟು ಸುತ್ತಿ ಹೊಲಿದುಕೊಡುವವರು ಸಿಗುತ್ತಾರೆ. ಕನ್ನಡಿಗಳನ್ನು ಮೊದಲೇ ಬಿಚ್ಚಿಟ್ಟುಕೊಂಡು, ಹೆಡ್‌ಲೈಟ್, ಇಂಡಿಕೇಟರ್, ಟ್ಯಾಂಕಿಗೆ ಇನ್ನೊಂದು ಸುತ್ತು ಹಾಕಿಸಬೇಕು. ಹತ್ತಿಸುವಾಗ, ಇಳಿಸುವಾಗ ಬೈಕಿನ ಬಣ್ಣಕ್ಕೆ ಯಾರೂ ಹೊಣೆಯಲ್ಲ.

ಹೊಣೆ ಎಂದಾಗ ಬಹಳ ಮಂದಿ ಗಮನಿಸದ ಒಂದು ಲೆಕ್ಕವಿದೆ. ಬುಕಿಂಗ್ ವೇಳೆ ಬೈಕಿನ ಮೌಲ್ಯ ಘೋಷಿಸಿ, ಅದಕ್ಕೆ ತಕ್ಕ ಹೆಚ್ಚುವರಿ ಶುಲ್ಕ ಕಟ್ಟದಿದ್ದರೆ ಪಾರ್ಸೆಲ್ ಕಳೆದುಹೋದಾಗ ರೈಲ್ವೆಯ ಹೊಣೆ ಕಿಲೋಗೆ 50 ರೂಪಾಯಿ ಮಾತ್ರ. ಲಗೇಜ್ ಆದರೆ 100. ಕ್ಲಾಸಿಕ್ 350 ಬೈಕಿನ ತೂಕ 195 ಕಿಲೋ. ಲಕ್ಷಗಟ್ಟಲೆ ಕೊಟ್ಟು ಕೊಂಡ ಆ ಬೈಕ್ ಪಾರ್ಸೆಲ್‌ನಲ್ಲಿ ಕಳೆದರೆ ಕೈಗೆ ಬರುವುದು ಹೆಚ್ಚೆಂದರೆ 9,750 ರೂಪಾಯಿ! ಈ ಶುಲ್ಕದಲ್ಲಿ ಜಿಪುಣತನ ಮಾಡುವುದು ಜಾಣತನವಲ್ಲ.

ರೈಲು ತಲುಪಿದ ಮೇಲೂ ಮೈಮರೆಯುವಂತಿಲ್ಲ. ಉಚಿತ ಅವಧಿ ಮುಗಿದರೆ ವಾರ್ಫೇಜ್, ಅಂದರೆ ಬೈಕನ್ನು ನಿಲ್ದಾಣದಲ್ಲೇ ಬಿಟ್ಟಿದ್ದಕ್ಕೆ ಕಟ್ಟುವ ಶುಲ್ಕ, ಗಂಟೆಗಳ ಲೆಕ್ಕದಲ್ಲಿ ಏರುತ್ತದೆ. ಮೂಲ ರಸೀದಿ ಇಲ್ಲದೆ ಬೈಕ್ ಬಿಡಿಸಿಕೊಳ್ಳುವುದು ಕಷ್ಟ.

ರೈಲು ಹೋಗದ ಊರಿಗೆ ಲಾರಿಯೇ ಗತಿ. 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಆರಂಭವಾದ ವಿಆರ್‌ಎಲ್‌ನಂಥ ಪಾರ್ಸೆಲ್ ಸಾಗಣೆ ಕಂಪನಿಗಳಲ್ಲಿ ವಿಚಾರಿಸಬಹುದು. ಪ್ಯಾಕರ್ಸ್ ಅಂಡ್ ಮೂವರ್ಸ್‌ನವರು ಮನೆ ಬಾಗಿಲಿಗೇ ಬರುತ್ತಾರೆ, ಆ ಅನುಕೂಲಕ್ಕೆ ಬೆಲೆಯೂ ಇದೆ. ಹೆಸರಾಂತ ಕಂಪನಿಗಳ ಹೆಸರನ್ನೇ ತುಸು ತಿರುಚಿಟ್ಟುಕೊಂಡು, ಫೋನಿನಲ್ಲಿ ಅಗ್ಗದ ದರ ಹೇಳಿ, ಬೈಕ್ ಲಾರಿಗೇರಿದ ಮೇಲೆ ಇನ್ನಷ್ಟು ಕೀಳುವವರೂ ಈ ದಂಧೆಯಲ್ಲಿದ್ದಾರೆ. ಜಿಎಸ್‌ಟಿ ಸಂಖ್ಯೆಯುಳ್ಳ ಲಿಖಿತ ದರಪಟ್ಟಿ, ಸಾಗಣೆ ವಿಮೆಯ ಪ್ರತಿ ಕೈಗೆ ಬರುವವರೆಗೆ ಮುಂಗಡ ಕೊಡಬಾರದು. ಹೊರಡುವ ಮುನ್ನ ಬೈಕಿನ ನಾಲ್ಕೂ ಬದಿಯ ಮತ್ತು ಓಡೋಮೀಟರಿನ ಫೋಟೊ ತೆಗೆದಿಡಬೇಕು.

ಪ್ರವಾಸ ಮುಗಿಸಿ ಮರಳುವವರಿಗೆ ಖರ್ಚು ಇಷ್ಟೇ. ನೆಲೆಸಲು ಹೋಗುವವರಿಗೆ ಇನ್ನೂ ಇದೆ: ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿ ಮರುನೋಂದಣಿಯಾಗಬೇಕು. ಅದಕ್ಕೆ ಇಲ್ಲಿನ ಆರ್‌ಟಿಓದಿಂದ ಎನ್‌ಒಸಿ, ಅಲ್ಲಿ ಹೊಸದಾಗಿ ತೆರಿಗೆ, ಇಲ್ಲಿ ಕಟ್ಟಿದ ಜೀವಾವಧಿ ತೆರಿಗೆಯ ಬಾಕಿ ಮರುಪಾವತಿಗೆ ಓಡಾಟ. ಇವನ್ನೆಲ್ಲ ಕೂಡಿದರೆ, ಹಳೆಯ ನೂರು ಸಿಸಿ ಬೈಕನ್ನು ಇಲ್ಲೇ ಮಾರಿ, ಅಲ್ಲಿ ಇನ್ನೊಂದು ಸೆಕೆಂಡ್ ಹ್ಯಾಂಡ್ ಕೊಳ್ಳುವುದೇ ಅಗ್ಗ. ಮೈಸೂರಿನಲ್ಲಿ ತಯಾರಾದ ಅಪ್ಪನ ಕಾಲದ ಯೆಜ್ದಿಗೆ ಮಾತ್ರ ಈ ಲೆಕ್ಕ ಅನ್ವಯಿಸದು.