ವರ್ಷದ ಬಿಪಿ ಮಾತ್ರೆಗೆ ಒಂದು ದಿನದ ಕೂಲಿ, ಡಯಾಲಿಸಿಸ್‌ಗೆ 156 ದಿನ

ಕರ್ನಾಟಕದಲ್ಲಿ 2025-26ನೇ ಸಾಲಿಗೆ ನಿಗದಿಯಾಗಿದ್ದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಬಿಪಿಗೆ ವೈದ್ಯರು ಸಾಮಾನ್ಯವಾಗಿ ಬರೆದುಕೊಡುವ ಆಮ್ಲೋಡಿಪಿನ್ 5 ಮಿಲಿಗ್ರಾಂ ಮಾತ್ರೆ ಜನೌಷಧಿ ಕೇಂದ್ರದಲ್ಲಿ ಹತ್ತಕ್ಕೆ ಹತ್ತು ರೂಪಾಯಿಯೂ ಆಗುವುದಿಲ್ಲ. ದಿನಕ್ಕೊಂದರಂತೆ ವರ್ಷಪೂರ್ತಿ ತೆಗೆದುಕೊಂಡರೂ ಖರ್ಚು 365 ರೂಪಾಯಿ ದಾಟದು. ಒಂದು ದಿನ ದುಡಿದ ದುಡ್ಡಿಗೆ ಒಂದು ವರ್ಷದ ಮಾತ್ರೆ. ಕೆಲವರಿಗೆ ಎರಡು ಬಗೆಯ ಮಾತ್ರೆ ಬೇಕಾಗಬಹುದು; ಆಗಲೂ ಎರಡು-ಮೂರು ದಿನದ ಕೂಲಿಯಲ್ಲಿ ಲೆಕ್ಕ ಮುಗಿಯುತ್ತದೆ. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ಆ ಖರ್ಚೂ ಇಲ್ಲ.

ಈಗ ಇನ್ನೊಂದು ಲೆಕ್ಕ. ಕಿಡ್ನಿ ಕೆಡುವುದಕ್ಕೆ ಮುಖ್ಯ ಕಾರಣ ಸಕ್ಕರೆ ಕಾಯಿಲೆ ಮತ್ತು ಹತೋಟಿಯಲ್ಲಿಲ್ಲದ ಬಿಪಿ. ಕಿಡ್ನಿ ಪೂರ್ತಿ ಕೆಟ್ಟರೆ ಡಯಾಲಿಸಿಸ್ ವಾರಕ್ಕೆ ಎರಡು ಅಥವಾ ಮೂರು ಸಲ, ಪ್ರತಿ ಸಲವೂ ಸುಮಾರು ನಾಲ್ಕು ಗಂಟೆ. ಮೂರು ಸಲವೆಂದರೆ ವರ್ಷಕ್ಕೆ 156 ದಿನ ಕೆಲಸವಿಲ್ಲ. ಚಿಕಿತ್ಸೆ ಪೂರ್ತಿ ಉಚಿತವಾಗಿಯೇ ಸಿಕ್ಕಿತೆಂದುಕೊಳ್ಳೋಣ. ಆದರೂ ಇದೇ ದರದಲ್ಲಿ ಕೈತಪ್ಪುವ ಕೂಲಿ 57,720 ರೂಪಾಯಿ. ಬಸ್ ಚಾರ್ಜು, ಜೊತೆಗೆ ಬರುವ ಹೆಂಡತಿಯದೋ ಮಗನದೋ ಕಳೆದುಹೋದ ದುಡಿಮೆ, ಮನೆಯಲ್ಲಿ ಬಿಟ್ಟುಬಂದ ಹಸು-ಕರು ಇವು ಯಾವುವೂ ಈ ಮೊತ್ತದಲ್ಲಿಲ್ಲ.

ಬಿಪಿ ಎಲ್ಲೋ ಒಬ್ಬಿಬ್ಬರ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕ ಗಂಡಸರಲ್ಲಿ ಶೇ 24.0 ಮಂದಿಗೆ ಬಿಪಿ ಹೆಚ್ಚಿದೆ ಅಥವಾ ಅದಕ್ಕೆ ಮಾತ್ರೆ ನಡೆಯುತ್ತಿದೆ. ಹೆಂಗಸರಲ್ಲಿ ಇದು ಶೇ 21.3. ರಕ್ತದಲ್ಲಿ ಸಕ್ಕರೆ ಹೆಚ್ಚಿರುವ ಅಥವಾ ಅದಕ್ಕೆ ಮಾತ್ರೆ ನಡೆಯುತ್ತಿರುವವರ ಲೆಕ್ಕವೂ ಹೀಗೆಯೇ, ಶೇ 15.6 ಮತ್ತು 13.5. ಹೊಗೆಸೊಪ್ಪಿನ ಲೆಕ್ಕಕ್ಕೆ ಬಂದರೆ ಅಂತರ ಕಣ್ಣಿಗೆ ರಾಚುತ್ತದೆ: ಕರ್ನಾಟಕದಲ್ಲಿ ಗಂಡಸರು ಶೇ 27.1, ಹೆಂಗಸರು ಶೇ 8.5. ಬೀಡಿ, ಗುಟ್ಕಾ, ಅಡಿಕೆಯೊಂದಿಗಿನ ಹೊಗೆಸೊಪ್ಪು ಕೊನೆಗೆ ಹೋಗಿ ನಿಲ್ಲುವುದು ಬಾಯಿಯಲ್ಲಿ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಲ್ಲಿ ಭಾರತದ ಗಂಡಸರ 6,91,178 ಹೊಸ ಕ್ಯಾನ್ಸರ್‌ಗಳಲ್ಲಿ 1,07,812 ಬಾಯಿ ಮತ್ತು ತುಟಿಯವು. ಬಾಯಿಯ ಹುಣ್ಣು ಎರಡು ವಾರ ಕಳೆದರೂ ಮಾಯದಿದ್ದರೆ ತೋರಿಸಿಕೊಳ್ಳಬೇಕು. ಟಾರ್ಚ್ ಹಿಡಿದು ನೋಡುವ ಆ ಪರೀಕ್ಷೆಗೆ ಐದು ನಿಮಿಷ ಸಾಕು.

ಇಂಥ ತಪಾಸಣೆ ಗಂಡಸರಿಗೆ ತಪ್ಪಿಹೋಗುವುದೇಕೆ? ಹೆಣ್ಣುಮಕ್ಕಳು ಬಸುರಿಯಾದ ಕೂಡಲೇ ತಾಯಿ ಕಾರ್ಡ್ ಬರುತ್ತದೆ, ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರೆ, ಕನಿಷ್ಠ ನಾಲ್ಕು ಸಲ ತಪಾಸಣೆಯಾಗಬೇಕೆಂಬ ನಿಯಮವಿದೆ. ಅವರ ಆರೋಗ್ಯ ಚೆನ್ನಾಗಿ ನಡೆದಿದೆ ಎಂದು ಇದರ ಅರ್ಥವಲ್ಲ. ಆದರೆ ಯಾರೋ ಒಬ್ಬರು ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡುತ್ತಾರೆ. ಇಪ್ಪತ್ತರಿಂದ ಐವತ್ತರವರೆಗೆ ಗಂಡಸಿಗೆ ಅಂಥ ಸಂದರ್ಭ ಒದಗುವುದು ಅಪರೂಪ. ಅವನಾಗಿಯೇ ಹೋಗಬೇಕು, ಅವನಾಗಿಯೇ ಬಾಯಿಬಿಡಬೇಕು.

ಬಾಯಿಬಿಡುವುದೇ ಕಷ್ಟ. ಎದೆ ಹಿಡಿದುಕೊಂಡರೆ ‘ಏನಿಲ್ಲ ಬಿಡೇ, ಗ್ಯಾಸ್ಟ್ರಿಕ್’ ಎಂದು ಸೋಡಾ ಕುಡಿದು ಮಲಗುವವರು ಎಷ್ಟು ಮನೆಗಳಲ್ಲಿಲ್ಲ? ಹೃದಯಾಘಾತದಲ್ಲಿ ರಕ್ತನಾಳದ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲು ವೈದ್ಯರಿಗಿರುವ ಗಡುವು ಸಾಮಾನ್ಯವಾಗಿ 12 ಗಂಟೆ, ಅದರಲ್ಲೂ ಮೊದಲ ಒಂದೆರಡು ಗಂಟೆಯಲ್ಲೇ ಹೆಚ್ಚು ಪ್ರಯೋಜನ. ಹತ್ತಾರು ಸಾವಿರ ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ. ‘ಬೆಳಿಗ್ಗೆ ನೋಡೋಣ’ ಎಂದವನಿಗೆ ಅದರ ಪೂರ್ತಿ ಪ್ರಯೋಜನ ದಕ್ಕುವುದಿಲ್ಲ.

ದೇಹದ ನೋವನ್ನೇ ಹೇಳದವರು ಮನಸ್ಸಿನದನ್ನು ಹೇಳುವರೇ? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924. ಅವರಲ್ಲಿ ಗಂಡಸರು 1,22,724, ಅಂದರೆ ನೂರಕ್ಕೆ 72 ಮಂದಿ, ದಿನಕ್ಕೆ 336. ಕರ್ನಾಟಕದ ಒಟ್ಟು ಸಂಖ್ಯೆ 13,606. ದೇಶದ ಒಟ್ಟು ಸಾವುಗಳಲ್ಲಿ ಶೇ 26.4 ಮಂದಿ ದಿನಗೂಲಿಯವರು. ಪೊಲೀಸ್ ದಾಖಲೆಯಲ್ಲಿರುವ ಕಾರಣಗಳಲ್ಲಿ ಕೌಟುಂಬಿಕ ಸಮಸ್ಯೆ ಶೇ 31.7, ಕಾಯಿಲೆ ಶೇ 18.4. ಒಂದು ಸಾವಿಗೆ ಒಂದೇ ಕಾರಣ ಬರೆಯುವ ಪಟ್ಟಿ ಇದು. ನಿಜದಲ್ಲಿ ಸಾಲ, ಕುಡಿತ, ಕಾಯಿಲೆ, ಜಗಳ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಆದರೂ ಕಾಯಿಲೆಯ ಪಾಲು ಇಷ್ಟಿದೆಯೆಂಬುದು ಕರುಳು ಹಿಂಡುವ ವಿಷಯ. ಅವುಗಳಲ್ಲಿ ಚಿಕಿತ್ಸೆಯಿಂದ ಹಗುರಾಗುತ್ತಿದ್ದ ನೋವು ಎಷ್ಟಿತ್ತೋ.

ಕುಡಿತದ ವಿಚಾರದಲ್ಲಿ 2019ರಲ್ಲಿ ಪ್ರಕಟವಾದ ದೆಹಲಿ ಏಮ್ಸ್ ವರದಿಯ ಒಂದೇ ಸಂಖ್ಯೆ ಸಾಕು: ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಚಿಕಿತ್ಸೆ ಸಿಕ್ಕಿರುವುದು ಒಬ್ಬರಿಗೆ.

ಗಂಡಸರು ಆಸ್ಪತ್ರೆಗೆ ಬಾರದಿದ್ದರೆ ತಪಾಸಣೆಯೇ ಅವರಿರುವಲ್ಲಿಗೆ ಹೋಗಬೇಕು ಎಂಬುದು ನನ್ನ ಅಭಿಪ್ರಾಯ. ಹಳ್ಳಿಯ ಹಾಲಿನ ಡೇರಿಗೆ ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಬರುವವರಿದ್ದಾರೆ. ಪೇಟೆಯಲ್ಲಿ ಆಟೋ ಸ್ಟ್ಯಾಂಡ್, ಎಪಿಎಂಸಿ ಯಾರ್ಡ್ ಇವೆ. ಡಿಜಿಟಲ್ ಬಿಪಿ ಯಂತ್ರ ಎರಡು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ನೂರು ಸದಸ್ಯರ ಡೇರಿಯಲ್ಲಿ ತಲೆಗೆ ಇಪ್ಪತ್ತು ರೂಪಾಯಿ. ಯಂತ್ರ ಮೇಜಿನ ಮೇಲಿದ್ದರೆ ‘ನಿಂದೆಷ್ಟು ಬಂತೋ?’ ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಮಾತು ಶುರುವಾಗಲು ಅಷ್ಟು ಸಾಕು.

30 ದಾಟಿದ ಗಂಡಸರು ಈ ವಾರವೇ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲೋ ಸರ್ಕಾರದ ‘ನಮ್ಮ ಕ್ಲಿನಿಕ್‌’ನಲ್ಲೋ ಬಿಪಿ, ಸಕ್ಕರೆ, ಬಾಯಿ ಮೂರನ್ನೂ ತೋರಿಸಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಮನಸ್ಸು ಭಾರವಾದರೆ, ಬದುಕು ಬೇಡವೆನಿಸಿದರೆ, ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.